ಶ್ರೀ ಓರ್ಲಿನ್ ಟ್ವೈಟ್ ಅವರ ಸಮಯಪಾಲನೆಯನ್ನು ರದ್ದುಪಡಿಸುವ ಬಗ್ಗೆ

ಇಂದ,
ಶ್ರೀಮತಿ ಜನೆಲ್ ಬ್ರೆಕೆ,
ಒಂದನೇ ತರಗತಿಯ ಮ್ಯಾರಿಟ್ ಬ್ರೆಕೆಯ ತಾಯಿ,
ಕೆರೆ ದಂಡೆಯ ರಸ್ತೆ, ಕೊನೆಯ ಮನೆಯ ಹಿಂದಿನ ಮನೆ,
ನಾರ್ಬಿ ಲೇಕ್, ಮಿನ್ನೆಸೋಟ.

ಗೆ,
ಮಾನ್ಯ ಸೂಪರಿಂಟೆಂಡೆಂಟರಾದ ಡಾ. ಪ್ರೂಯಿಟ್ ಅವರು,
ನಾರ್ಬಿ ಲೇಕ್ ಶಾಲಾ ಜಿಲ್ಲೆ.

(ಮಾರ್ಗ: ಕಚೇರಿ ಕಾರ್ಯದರ್ಶಿ ಶ್ರೀಮತಿ ಲಾವೊನ್ ಅವರ ಮೂಲಕ. ಅವರು ಇದನ್ನು ಪೂರ್ತಿ ಓದಿಯೇ ಒಳಗೆ ಕಳಿಸುತ್ತಾರೆಂದು ಅರ್ಜಿದಾರಳಿಗೆ ಗೊತ್ತಿದೆ. ಚೆನ್ನಾಗಿದ್ದೀರಾ ಲಾವೊನ್?)

ವಿಷಯ: ಏಳನೇ ನಂಬರಿನ ಶಾಲಾ ಬಸ್ಸಿನ ಚಾಲಕರಾದ ಶ್ರೀ ಓರ್ಲಿನ್ ಟ್ವೈಟ್ ಅವರಿಗೆ ದಯಪಾಲಿಸಲಾದ ‘ತಿಂಗಳ ಅತ್ಯುತ್ತಮ ಸಿಬ್ಬಂದಿ’ ಗೌರವವನ್ನು ಹಿಂಪಡೆದು, ಸದರಿಯವರನ್ನು ಮೊದಲಿದ್ದ ಸ್ಥಿತಿಗೆ ತಂದುಕೊಡುವಂತೆ ಕೋರಿಕೆ.

ಉಲ್ಲೇಖ: 1. ಜನವರಿಯ ಸಿಬ್ಬಂದಿ ಸಭೆಯಲ್ಲಿ ಸದರಿಯವರಿಗೆ ಕೊಟ್ಟ ಪ್ರಮಾಣಪತ್ರ ಮತ್ತು ಅದರೊಂದಿಗೆ ಕೊಟ್ಟ ಕೇಕು.
2. ಶಾಲೆಯ ಅಂಗಳದಲ್ಲಿ ತಾವು ಅರ್ಜಿದಾರಳನ್ನು ಕಂಡು “ಬಸ್ಸೆಲ್ಲ ಹೇಗೆ ಓಡ್ತಿದೆ?” ಎಂದು ಕೇಳಿದ್ದು, ಅರ್ಜಿದಾರಳು “ಕೆಟ್ಟದೇನಲ್ಲ” ಎಂದು ಉತ್ತರಿಸಿದ್ದು. ಆ ಉತ್ತರ ಪ್ರಶಸ್ತಿಗೆ ಮುಂಚಿನದಾದ ಕಾರಣ ಈಗ ಅನ್ವಯಿಸುವುದಿಲ್ಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅಮೂಲ್ಯ ಗಮನಕ್ಕೆ ತರಬಯಸುವುದೇನೆಂದರೆ, ಅರ್ಜಿದಾರಳು ಇದೇ ಊರಿನಲ್ಲಿ ಹುಟ್ಟಿ ಬೆಳೆದವಳಾಗಿದ್ದು, ಈವರೆಗೆ ಯಾರ ಮೇಲೂ ದೂರು ಕೊಟ್ಟವಳಲ್ಲ. ಒಮ್ಮೆ ಹೋಟೆಲಿನ ಸೂಪಿನಲ್ಲಿ ಕೂದಲು ಸಿಕ್ಕಾಗ ಅದನ್ನು ಕಾಗದದ ಕರವಸ್ತ್ರದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡು, “ಸೂಪು ಒಳ್ಳೇ ಬಿಸಿಯಾಗಿತ್ತು” ಎಂದು ಹೇಳಿ ಬಂದವಳು. ಆದ್ದರಿಂದ ಈ ಅರ್ಜಿಯನ್ನು ದೂರು ಎಂದು ಯಾರೂ ತಿಳಿಯಕೂಡದು. ಒಬ್ಬ ಒಳ್ಳೆಯ ಮನುಷ್ಯನಿಗೆ ಸಭೆಯ ನಡುವೆ ಸಂಭವಿಸಿದ ಅಪಘಾತದ ವರದಿ ಎಂದು ತಿಳಿಯತಕ್ಕದ್ದು. ತಾವು ಟೆಕ್ಸಾಸಿನಿಂದ ಬಂದವರು, ಊರಿಗೆ ಹೊಸಬರು. ಆದ ಕಾರಣ ಇದರಲ್ಲಿ ತಮ್ಮ ತಪ್ಪೇನೂ ಇಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

1. ಪ್ರಶಸ್ತಿಗೆ ಮುಂಚೆ ಸದರಿ ಓರ್ಲಿನ್ ಅವರು ಇದ್ದ ಸ್ಥಿತಿ: ಏಳನೇ ನಂಬರಿನ ಬಸ್ಸು ಯಾವಾಗಲೂ ತಡವಾಗಿ ಬರುತ್ತಿತ್ತು. ಎಷ್ಟು ತಡ ಎಂಬುದು ಆ ದಿನ ದಾರಿಯಲ್ಲಿ ಯಾರು ಯಾರು ಮಾತಿಗೆ ಸಿಕ್ಕರು ಎಂಬುದನ್ನು ಅವಲಂಬಿಸಿತ್ತು. ಓರ್ಲಿನ್ ಪ್ರತಿ ಮನೆಯ ಮುಂದೆ ಬಸ್ಸು ನಿಲ್ಲಿಸಿ, ಹಾರನ್ನನ್ನು ಮಗುವಿನ ಬೆನ್ನು ತಟ್ಟಿದಷ್ಟು ಮೆತ್ತಗೆ ಒತ್ತಿ, ಬಾಗಿಲು ತೆಗೆದು ಕಾಯುತ್ತಿದ್ದರು. ಮನೆಯವರು ಕಾಫಿ ಲೋಟ ಹಿಡಿದು ಹೊರಗೆ ಬಂದು “ಏನ್ ಓರ್ಲಿನ್, ಚಳಿ?” ಎನ್ನುವರು. “ಇನ್ನೂ ಬರೋದಿದೆ ಬಿಡಿ” ಎಂದು ಅವರು ಸ್ಟೇರಿಂಗಿನ ಮೇಲೆ ಅಂಗೈ ಬಡಿದು “ಸರಿ ಹಾಗಾದ್ರೆ” ಎನ್ನುವರು. ಈ ಊರಿನಲ್ಲಿ “ಸರಿ ಹಾಗಾದ್ರೆ” ಎಂದರೆ ಮಾತಿನ ಅರ್ಧ ಮುಗಿಯಿತೆಂದು ಅರ್ಥ. ಅಲ್ಲಿಂದ ಮುಂದೆ ಭಾವನ ಮಂಡಿ ಆಪರೇಷನ್ನು, ಕೆರೆಯ ಮೇಲಿನ ಮಂಜುಗಡ್ಡೆ ಎಷ್ಟು ಗಟ್ಟಿಯಾಗಿದೆ, ಅದರ ಮೇಲೆ ಓಡಿಸಲು ಹೋಗಿ ಯಾರ ಪಿಕಪ್ ಗಾಡಿ ಮುಳುಗಿತು, ಎಲ್ಲವೂ ಆಗಬೇಕು. ಆ ಹೊತ್ತಿಗೆ ಮಗು ಬೂಟು ಹಾಕಿಕೊಂಡು ಬಂದಿರುತ್ತಿತ್ತು.

ಶಾಲೆಗೂ ಇದು ಗೊತ್ತಿತ್ತು. ಏಳನೇ ಬಸ್ಸಿನ ಮಕ್ಕಳು ಬರುವ ತನಕ ಟೀಚರು ಉಳಿದವರಿಗೆ ಬಣ್ಣ ಹಚ್ಚುವ ಕೆಲಸ ಕೊಡುತ್ತಿದ್ದರು. ಆದ್ದರಿಂದ ನಮ್ಮ ಜಿಲ್ಲೆಯ ಮಕ್ಕಳು ಬಣ್ಣ ಹಚ್ಚುವುದರಲ್ಲಿ ಮುಂದಿದ್ದಾರೆಂದು ತಾವೇ ಒಂದು ಸಲ ಭಾಷಣದಲ್ಲಿ ಹೇಳಿದ್ದನ್ನು ಇಲ್ಲಿ ನೆನಪಿಸಬಹುದು.

2. ಅರ್ಜಿದಾರಳ ಸ್ಥಿತಿ: ಅರ್ಜಿದಾರಳ ಪತಿ ಉದ್ದನೆಯ ದಾರಿಯ ಲಾರಿ ಓಡಿಸುವವರಾಗಿದ್ದು, ವಾರದಲ್ಲಿ ಹೆಚ್ಚು ದಿನ ಡಕೋಟದ ಕಡೆ ಎಲ್ಲೋ ಇರುತ್ತಾರೆ. ಅರ್ಜಿದಾರಳು ವೃದ್ಧರ ಆರೈಕೆ ಮನೆಯ ಅಡುಗೆಮನೆಯಲ್ಲಿ ಬೆಳಗಿನ ಪಾಳಿಯ ಕೆಲಸದಲ್ಲಿದ್ದಾಳೆ. ಅಲ್ಲಿನ ಅಜ್ಜ ಅಜ್ಜಿಯರು ಓಟ್ಸ್ ಗಂಜಿ ಬರುವುದಕ್ಕೆ ಬಹಳ ಮುಂಚೆಯೇ ಚಮಚ ಹಿಡಿದು ಕುಳಿತಿರುತ್ತಾರೆ. ತಡವಾದರೆ ಅವರಲ್ಲಿ ಯಾರೂ ಬೈಯುವುದಿಲ್ಲ, ಚಮಚವನ್ನೇ ನೋಡುತ್ತಾರೆ. ಅದು ಬೈಗುಳಕ್ಕಿಂತ ಕಷ್ಟ.

ಮಗಳು ಮ್ಯಾರಿಟ್‌ಗೆ ಬೆಳಿಗ್ಗೆ ದಪ್ಪ ಪ್ಯಾಂಟು, ಕೋಟು, ಟೊಪ್ಪಿ, ಮಫ್ಲರು, ಬೂಟು ಹಾಕಬೇಕು. ಇವೆಲ್ಲ ಹೇಗೋ ಆಗುತ್ತವೆ. ಆಗದಿರುವುದು ಎಡಗೈಯ ಕೈಗವಸು. ಬಲಗೈಯದು ಒಂದು ದಿನವೂ ಕಳೆದದ್ದಿಲ್ಲ. ಎಡಗೈಯದು ಪ್ರತಿ ರಾತ್ರಿ ತನ್ನ ಪಾಡಿಗೆ ಎಲ್ಲಿಗೋ ಹೊರಟುಹೋಗುತ್ತದೆ. ನಾಯಿಯ ಹಾಸಿಗೆಯಲ್ಲಿ, ಬೆಣ್ಣೆಯ ಪಕ್ಕದಲ್ಲಿ, ಒಮ್ಮೆ ಟೋಸ್ಟರಿನೊಳಗೆ ಅದು ಸಿಕ್ಕಿದ್ದುಂಟು. ಅರ್ಜಿದಾರಳು ಹುಡುಕುತ್ತಿರುವಷ್ಟು ಹೊತ್ತೂ ಹೊರಗಿನಿಂದ ಓರ್ಲಿನ್ ಅವರ ದನಿ ಕೇಳುತ್ತಿತ್ತು.

“ನಿಧಾನ ಪುಟ್ಟಿ, ನಿಧಾನ. ನಾನಿಲ್ದೆ ಈ ಬಸ್ಸು ಎಲ್ಲೂ ಹೋಗಲ್ಲ.”

ಆ ದನಿ ಕೇಳುತ್ತಿದ್ದರೆ ಅರ್ಜಿದಾರಳಿಗೆ ಗಾಬರಿಯಾಗುತ್ತಿರಲಿಲ್ಲ. ಗಾಬರಿಯಾಗದ ಕಾರಣ ಕೈಗವಸೂ ಸಿಗುತ್ತಿತ್ತು. ಇಡೀ ಮನೆ, ಮತ್ತು ಆ ರಸ್ತೆಯ ಎಲ್ಲ ಮನೆಗಳೂ ಸದರಿಯವರ ತಡದ ಮೇಲೆ ನಿಂತಿದ್ದವೆಂದು ಈ ಮೂಲಕ ದೃಢೀಕರಿಸಲಾಗಿದೆ.

3. ಪ್ರಶಸ್ತಿ ಬಂದ ಬಗೆ: ಇದನ್ನು ಅರ್ಜಿದಾರಳು ಕಚೇರಿಯ ಕಿಟಕಿಯಲ್ಲಿ ನಿಂತು ಶ್ರೀಮತಿ ಲಾವೊನ್ ಅವರಿಂದ ಕೇಳಿ ತಿಳಿದಿದ್ದಾಳೆ. (ಲಾವೊನ್, ನೀವು ಯಾರಿಗೂ ಹೇಳಬೇಡ ಎಂದದ್ದು ನೆನಪಿದೆ. ಸೂಪರಿಂಟೆಂಡೆಂಟರಿಗೆ ಮಾತ್ರ ಹೇಳುತ್ತಿದ್ದೇನೆ.)

“ಜನವರಿ ಸಾರಿಗೆಯವ್ರ ಸರದಿ ಕಣೇ. ಅಡುಗೆಮನೆ ಆಯ್ತು, ಲೈಬ್ರರಿ ಆಯ್ತು. ಡ್ರೈವರ್‌ಗಳಲ್ಲಿ ಒಬ್ಬರಿಗೆ ಆಗ್ಲೇ ಕೊಟ್ಟಾಗಿದೆ. ಇನ್ನೊಬ್ಬರು ಚಳಿಗಾಲ ಮುಗಿಯೋ ತನಕ ಆರಿಜೋನಾದಲ್ಲಿ. ಮತ್ತೊಬ್ಬ ಹಿಂದಕ್ಕೆ ತಗೊಳ್ಳೋವಾಗ ಬಸ್ಸನ್ನ ಧ್ವಜಸ್ತಂಭಕ್ಕೆ ಹತ್ತಿಸಿದಾನೆ. ಉಳಿದೋರು ಓರ್ಲಿನ್.”

“ಕೊಡ್ಲಿ ಬಿಡಿ, ಸಂತೋಷಾನೇ. ಆದ್ರೆ ಅದ್ರಲ್ಲಿ ‘ಸಮಯಪಾಲನೆಗಾಗಿ’ ಅಂತ ಯಾಕೆ ಬರ್ದ್ರಿ?”

“ಯಾರ್ ಬರ್ದ್ರು? ಅದು ಅಚ್ಚಾಗೇ ಬಂದಿದ್ದು. ಕಟ್ಟುಗಟ್ಲೆ ತಗೊಂಡ್ರೆ ಕಡಿಮೆಗೆ ಸಿಗುತ್ತೆ ಅಂತ ಹಿಂದಿನೋರು ತರ್ಸಿದ್ದು. ಇನ್ನೂ ಅರ್ಧ ಬೀರು ಇದೆ. ಹೆಸ್ರು ಮಾತ್ರ ನಾವು ತುಂಬ್ತೀವಿ.”

“ಎಲ್ರಿಗೂ ಅದೇನಾ?”

“ಎಲ್ರಿಗೂ ಅದೇ. ಇದುವರ್ಗೂ ಯಾರೂ ಓದ್ನೋಡಿರ್ಲಿಲ್ಲ ನೋಡು.”

4. ಆದರೆ ಸದರಿ ಓರ್ಲಿನ್ ಅವರು ಓದಿದರು. ಅನಾಹುತದ ಮೂಲ ಇದೇ ಆಗಿರುತ್ತದೆ. ಟೆಕ್ಸಾಸಿನಲ್ಲಿ ಒಬ್ಬನನ್ನು ನಾಲ್ಕು ಜನರ ಮುಂದೆ ಹೊಗಳಿದರೆ ಅವನು ಎದ್ದು ಕೈ ಬೀಸುತ್ತಾನಂತೆ. ಇಲ್ಲಿಯವರಿಗೆ ಹೊಗಳಿಕೆ ಎಂದರೆ ಬೆನ್ನಿನ ಮೇಲೆ ಐಸ್ ಗಡ್ಡೆ ಇಟ್ಟಂತೆ. ಸಭೆಯಲ್ಲಿ ತಾವು ಅವರ ಹೆಸರನ್ನು ಗಟ್ಟಿಯಾಗಿ ಕರೆದು, ಎಲ್ಲರನ್ನೂ ಎಬ್ಬಿಸಿ ಚಪ್ಪಾಳೆ ತಟ್ಟಿಸಿದಿರಿ. ಓರ್ಲಿನ್ ಅವರ ಕಿವಿ ಕೆಂಪಾದವು. ಅವರು ತಮ್ಮ ಬೂಟಿನ ಮೂತಿಯನ್ನೇ ನೋಡುತ್ತ ನಿಂತು, ಕೇಕು ತಿಂದು, ಟಯರು ನೋಡಿ ಬರುತ್ತೇನೆಂದು ಹೊರಗೆ ಹೋದವರು ಸಭೆ ಮುಗಿಯುವ ತನಕ ಟಯರನ್ನೇ ನೋಡುತ್ತಿದ್ದರು. ಹೋಗುವಾಗ ಪ್ರಮಾಣಪತ್ರವನ್ನು ಮನೆಗೆ ಒಯ್ದರು.

5. ನಂತರದ ಸೋಮವಾರ ಸಂಭವಿಸಿದ್ದು: ಅರ್ಜಿದಾರಳು ಮಗಳ ಬಲಗೈಗೆ ಕೈಗವಸು ತೊಡಿಸಿ ಎಡಗೈಯದನ್ನು ಹುಡುಕಲು ಹೊರಟಾಗ ಪಕ್ಕದ ಮನೆಯ ಶ್ರೀಮತಿ ಆರ್ಡಿಸ್ ಲುಂಡ್ ಅವರು, ಬಾತ್‌ರೋಬಿನಲ್ಲಿ, ಕೂದಲಿಗೆ ಸುತ್ತಿದ ಸುರುಳಿಗಳ ಸಮೇತ, ಮೊಮ್ಮಗನ ಊಟದ ಡಬ್ಬಿ ಹಿಡಿದು ಹಿಮದಲ್ಲಿ ಓಡುತ್ತಿರುವುದು ಕಿಟಕಿಯಿಂದ ಕಂಡುಬಂತು.

“ಜನೆಲ್! ಏಯ್ ಜನೆಲ್! ಬಸ್ ಬಂದ್ಬಿಟ್ಟಿದೆ ಕಣೇ!”

“ಯಾವ ಬಸ್ಸು?”

“ನಮ್ದೇ! ಓರ್ಲಿನ್‌ದು!”

“ಇಷ್ಟೊತ್ತಿಗಾ? ಯಾಕೆ, ಯಾರಾದ್ರೂ ತೀರ್ಕೊಂಡ್ರಾ?”

ಯಾರೂ ತೀರಿಕೊಂಡಿರಲಿಲ್ಲ. ಬಸ್ಸು ವೇಳಾಪಟ್ಟಿಯಲ್ಲಿ ಬರೆದ ಹೊತ್ತಿಗೆ ಬಂದಿತ್ತು. ಆ ಪಟ್ಟಿ ಅರ್ಜಿದಾರಳ ಫ್ರಿಜ್ಜಿನ ಮೇಲೆ ಸೆಪ್ಟೆಂಬರಿನಿಂದ ಅಂಟಿಕೊಂಡಿದೆ. ಅದರಲ್ಲಿ ಬರೆದಿರುವುದು ನಿಜವಾಗಬಹುದೆಂದು ಆಕೆಗೆ ಯಾವತ್ತೂ ತೋಚಿರಲಿಲ್ಲ. ಬಾಗಿಲು ತೆರೆಯಿತು, ಮುಚ್ಚಿತು, ಬಸ್ಸು ಹೋಯಿತು. ಆರ್ಡಿಸ್ ಅವರ ಮೊಮ್ಮಗ ಹತ್ತಿದ, ಡಬ್ಬಿ ಕೆಳಗುಳಿಯಿತು. ಮ್ಯಾರಿಟ್ ಅಂಗಳದಲ್ಲಿ ಒಂದು ಕೈಗವಸು ಹಾಕಿಕೊಂಡು ನಿಂತಳು.

“ಅಮ್ಮಾ, ಓರ್ಲಿನ್ ಕನ್ನಡೀಲಿ ನನ್ನೇ ನೋಡ್ತಿದ್ರು. ನಾನು ಕೈ ಬೀಸ್ದೆ. ಅವ್ರೂ ಬೀಸಿದ್ರು. ಆದ್ರೆ ನಿಲ್ಲಿಸ್ಲಿಲ್ಲ.”

“ಮರ್ತಿರ್ಬೇಕು ಬಿಡು.”

“ಮರ್ತಿರ್ಲಿಲ್ಲಮ್ಮ. ಅವ್ರ ಮುಖ ನಾಯಿನ ಡಾಕ್ಟರ್ ಹತ್ರ ಕರ್ಕೊಂಡ್ಹೋದಾಗ ಇರುತ್ತಲ್ಲ, ಹಂಗಿತ್ತು.”

ಅಂದಿನಿಂದ ಬಸ್ಸು ದಿನವೂ ಸರಿಯಾದ ಹೊತ್ತಿಗೆ ಬರುತ್ತಿದೆ. ದಿನವೂ ತಪ್ಪುತ್ತಿದೆ. ಆದ್ದರಿಂದ ಅರ್ಜಿದಾರಳು ಮಗಳನ್ನು ಕಾರಿನಲ್ಲಿ ಬಿಡಬೇಕಾಗಿದೆ. ಕಾರು ಚಳಿಗೆ ಕೆಮ್ಮಿ ಕೆಮ್ಮಿ ಸುಮ್ಮನಾಗುವುದರಿಂದ ಎಂಜಿನ್ ಬೆಚ್ಚಗಿರಲೆಂದು ರಾತ್ರಿಯೆಲ್ಲ ಅದಕ್ಕೆ ಕರೆಂಟಿನ ವಯರು ಸಿಕ್ಕಿಸಿಡಬೇಕಾಗಿದೆ. ವಯರು ತೆಗೆಯುವುದನ್ನು ಮರೆತು ಹೊರಟು, ಅದನ್ನು ಬಾಲದಂತೆ ಎಳೆದುಕೊಂಡು ಶಾಲೆಯ ಮುಂದಿನ ಕಾರುಗಳ ಸಾಲಿನಲ್ಲಿ ನಿಂತದ್ದನ್ನು ತಾವೂ ಕಂಡಿದ್ದೀರಿ. ತಾವು ಹೆಬ್ಬೆರಳು ಎತ್ತಿ ತೋರಿಸಿದಿರಿ. ಆ ಸಾಲು ಏಳನೇ ಬಸ್ಸಿನ ಮಕ್ಕಳ ಕಾರುಗಳಿಂದ ಈಗ ಚರ್ಚಿನ ತನಕ ಬೆಳೆದಿದೆ. ಆದ ಕಾರಣ ಅರ್ಜಿದಾರಳಿಗೆ ಕೆಲಸಕ್ಕೆ ತಡವಾಗುತ್ತಿದೆ. ಆದ ಕಾರಣ ಮೇಲ್ವಿಚಾರಕಿ ಕರೆದು, ಬಹಳ ಮರ್ಯಾದೆಯಿಂದ, ಕಾಫಿ ಕೊಟ್ಟು, “ಈ ತಿಂಗಳು ಇನ್ನೊಂದ್ ಸಲ ಹಿಂಗಾದ್ರೆ ನಿನ್ನ ರಾತ್ರಿ ಪಾಳಿಗೆ ಹಾಕೋದು ನಿನಗೇ ಅನುಕೂಲ ಅಲ್ವಾ?” ಎಂದಿದ್ದಾರೆ.

ರಾತ್ರಿ ಪಾಳಿಯಾದರೆ ಮನೆಯಲ್ಲಿ ಮ್ಯಾರಿಟ್ ಜೊತೆ ಇರುವುದು ನಾಯಿ ಒಂದೇ. ನಾಯಿ ಒಳ್ಳೆಯದು, ಆದರೆ ನನಗೆ ಅವಳನ್ನು ಬಿಟ್ಟು ಹೋಗಲು ಆಗುವುದಿಲ್ಲ.

(ಮೇಲಿನ ವಾಕ್ಯದಲ್ಲಿ ‘ನನಗೆ’ ಎಂಬಲ್ಲಿ ‘ಅರ್ಜಿದಾರಳಿಗೆ’ ಎಂದು ಓದಿಕೊಳ್ಳುವುದು.)

6. ಪರಿಹಾರಕ್ಕಾಗಿ ಮಾಡಿದ ಪ್ರಯತ್ನ, ಮೊದಲನೆಯದು: ಅರ್ಜಿದಾರಳು ಒಂದು ತಟ್ಟೆ ಚಾಕೊಲೇಟ್ ಬ್ರೌನಿ ಮಾಡಿಕೊಂಡು ಸದರಿಯವರ ಮನೆಗೆ ಹೋದಳು. ಪದ್ಧತಿಯಂತೆ ಎರಡು ಸಲ ಕಾಫಿ ಬೇಡವೆಂದು ಹೇಳಿ, ಮೂರನೆಯ ಸಲಕ್ಕೆ ಒಪ್ಪಿ, ಚಳಿಯ ಬಗ್ಗೆ ಮಾತು ಮುಗಿಸಿ, ಹೋದ ವರ್ಷದ ಚಳಿಯ ಬಗ್ಗೆಯೂ ಮಾತು ಮುಗಿಸಿ, ಆಮೇಲೆ ವಿಷಯಕ್ಕೆ ಬಂದಳು.

“ಬಸ್ಸು ಈಚೀಚೆಗೆ ಸ್ವಲ್ಪ ಬೇಗ ಬರ್ತಿದೆ ಅಲ್ವಾ ಓರ್ಲಿನ್.”

ಈ ಊರಿನ ಮಟ್ಟಿಗೆ ಇದು ಕೊರಳಪಟ್ಟಿ ಹಿಡಿದು ಕೇಳಿದ ಹಾಗೆ. ಓರ್ಲಿನ್ ಕಾಫಿ ಲೋಟ ಕೆಳಗಿಟ್ಟರು.

“ಗೊತ್ತು ಕಣಮ್ಮ. ನಾನೇನ್ ಮಾಡ್ಲಿ ಹೇಳು. ಅಲ್ ನೋಡು.”

ಊಟದ ಮೇಜಿನ ಎದುರು ಗೋಡೆಯಲ್ಲಿ, ಅವರ ಮನೆಯಾಕೆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರ ತೂಗುತ್ತಿತ್ತು.

“ಬೆಳಿಗ್ಗೆ ತಿಂಡಿಗೆ ಕೂತ್ರೆ ಕಣ್ಣೆದುರಿಗೇ. ಸಮಯಪಾಲನೆ! ನಂಗೆ! ನನ್ ಮದ್ವೆಗೇ ನಾನು ತಡವಾಗಿ ಹೋದೋನು, ಇವಳನ್ನೇ ಕೇಳು. ಸುಳ್ಳು ಹಂಗೆ ಗೋಡೆ ಮೇಲೆ ನೇತಾಡ್ತಿದ್ರೆ ಗಂಟಲಲ್ಲಿ ತುತ್ತು ಇಳಿಯುತ್ತಾ? ಅದಕ್ಕೇ ನಿಜ ಮಾಡ್ಬಿಡೋಣ ಅಂತ.”

“ತೆಗ್ದು ಒಳಗಿಟ್ಬಿಡಿ.”

“ಕೊಟ್ಟೋರು ಏನ್ ತಿಳ್ಕೋತಾರೆ? ಕೇಕ್ ಬೇರೆ ತಿಂದಿದೀನಿ.”

“ಕೇಕ್ ತಿಂದ್ರೆ ಏನೀಗ?”

“ತಿಂದ್ಮೇಲೆ ಒಪ್ಕೊಂಡಂಗೇ ಅಲ್ವಾ? ಅದೂ ಎರಡು ಪೀಸು.” ಅವರು ಬ್ರೌನಿಯನ್ನು ನೋಡಿದರು, ಮುಟ್ಟಲಿಲ್ಲ. “ದಿನಾ ಕನ್ನಡೀಲಿ ನಿನ್ ಮಗಳು ಕಾಣ್ತಾಳೆ. ಒಂದ್ ಕೈ ಕೆಂಪು ಗ್ಲೌಸು, ಇನ್ನೊಂದು ಬರಿಗೈ. ಆ ಬರಿಗೈನೇ ಬೀಸ್ತಾಳೆ ಕಣಮ್ಮ. ನಾನು ಗೇರ್ ಹಾಕ್ತೀನಿ. ಎಂಥಾ ಮನುಷ್ಯ ಆಗ್ಹೋದೆ ನಾನು ಅನ್ಸುತ್ತೆ.”

ಅರ್ಜಿದಾರಳು ಏಳುವಾಗ ಓರ್ಲಿನ್ “ಸರಿ ಹಾಗಾದ್ರೆ” ಎಂದರು. ಆಕೆ ಕೋಟಿನ ಗುಂಡಿ ಹಾಕದೆ, ಬಾಗಿಲಲ್ಲಿ ಉಳಿದ ಅರ್ಧ ಮಾತಿಗಾಗಿ ನಿಂತಳು. ಓರ್ಲಿನ್ ಗಡಿಯಾರ ನೋಡಿ ಬಾಗಿಲು ಹಾಕಿಕೊಂಡರು. ಒಂದೇ “ಸರಿ ಹಾಗಾದ್ರೆ”ಗೆ ಬಾಗಿಲು ಹಾಕಿದ್ದನ್ನು ಈ ಊರಿನಲ್ಲಿ ಅರ್ಜಿದಾರಳು ಕಂಡದ್ದು ಅದೇ ಮೊದಲು. ಆಕೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಒಬ್ಬಳೇ ಚಳಿಯ ಬಗ್ಗೆ ಮಾತಾಡಿ ಮನೆಗೆ ಬಂದಳು.

7. ಪ್ರಯತ್ನ, ಎರಡನೆಯದು: ಕೊಟ್ಟ ಗೌರವವನ್ನು ಹಿಂಪಡೆಯಲು ನಿಯಮವಿದೆಯೇ ಎಂದು ಅರ್ಜಿದಾರಳೂ ಆರ್ಡಿಸ್ ಅವರೂ ಕೂಡಿ ಕಚೇರಿಯಲ್ಲಿ ವಿಚಾರಿಸಿದರು.

“ದುರ್ನಡತೆ ಇದ್ರೆ ವಾಪಸ್ ತಗೋಬಹುದು,” ಎಂದರು ಲಾವೊನ್.

“ಎಂಥಾ ದುರ್ನಡತೆ?”

“ಅದ್ನ ಬಿಡಿಸಿ ಬರ್ದಿಲ್ಲ. ಎಲ್ರೂ ಮುಖ ಮುಖ ನೋಡ್ಕೊಳ್ಳೋ ಅಂಥದ್ದು ಅಂದ್ಕೋ.”

ಆರ್ಡಿಸ್ ಅವರು ದನಿ ತಗ್ಗಿಸಿ, “ಕೊನೇ ತುಂಡು ತಿಂದ್ರೆ?” ಎಂದರು. ಲಾವೊನ್ ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟದ್ದನ್ನು ಅರ್ಜಿದಾರಳು ಕಣ್ಣಾರೆ ಕಂಡಿದ್ದಾಳೆ.

ತಾವು ಹೊಸಬರಾದ್ದರಿಂದ ವಿವರಿಸುವುದೇನೆಂದರೆ: ಈ ಊರಿನಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಒಬ್ಬರು ಅದನ್ನು ಅರ್ಧ ಮಾಡಿ ತಿನ್ನುತ್ತಾರೆ. ಮುಂದಿನವರು ಆ ಅರ್ಧದಲ್ಲಿ ಅರ್ಧ. ಕೊನೆಗೆ ಉಗುರಿನಷ್ಟು ಉಳಿದದ್ದು ಅಲ್ಲೇ ಒಣಗುತ್ತದೆ. ಶಾಲೆಯ ತಟ್ಟೆಯಾದರೆ, ಶುಕ್ರವಾರ ಸಂಜೆ ಯಾರೂ ನೋಡದಾಗ ಲಾವೊನ್ ಅವರು ಅದನ್ನು ಎಸೆಯುತ್ತಾರೆ. ಹೀಗಿರುವಲ್ಲಿ, ಇಡೀ ಕೊನೆಯ ತುಂಡನ್ನು ಎಲ್ಲರ ಎದುರು ತಿನ್ನುವುದಕ್ಕಿಂತ ದೊಡ್ಡ ದುರ್ನಡತೆ ಹೊಳೆಯಲಿಲ್ಲ.

ಓರ್ಲಿನ್ ಅವರಿಗೆ ಇದನ್ನು ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. “ಕೊನೇದನ್ನಾ? ಪೂರ್ತಿನಾ? ನಮ್ಮಮ್ಮ ಇದ್ದಿದ್ರೆ ಹೊಸ್ಲು ದಾಟಿಸ್ತಿರ್ಲಿಲ್ಲ.”

“ನಿಮಗೋಸ್ಕರ ಅಲ್ಲ ಓರ್ಲಿನ್, ಮಕ್ಕಳಿಗೋಸ್ಕರ,” ಎಂದರು ಆರ್ಡಿಸ್. “ಕಣ್ಮುಚ್ಕೊಂಡು ನುಂಗ್ಬಿಡಿ.”

ಫೆಬ್ರವರಿಯ ಸಿಬ್ಬಂದಿ ಸಭೆಯಲ್ಲಿ ನಡೆದದ್ದು ತಮಗೆ ಗೊತ್ತೇ ಇದೆ. ಲಾವೊನ್ ಅವರು ಹೇಳಿದಂತೆ, ತಟ್ಟೆಯಲ್ಲಿ ಒಂದೇ ಒಂದು ಬ್ರೌನಿ ಉಳಿದಿತ್ತು. ಓರ್ಲಿನ್ ಎದ್ದರು. ಟೊಪ್ಪಿ ತೆಗೆದರು. ನಡೆದು ಹೋಗಿ ಅದನ್ನು ಎತ್ತಿಕೊಂಡು, ಚಾಕು ಮುಟ್ಟದೆ, ಪೂರ್ತಿ ಬಾಯಿಗೆ ಹಾಕಿಕೊಂಡರು. ಲೈಬ್ರರಿಯವರು ಕಣ್ಣು ಮುಚ್ಚಿಕೊಂಡರು. ಕೆಲಸ ಆಯಿತೆಂದು ಲಾವೊನ್ ಅವರು ನಿಯಮಗಳ ಪುಸ್ತಕಕ್ಕೆ ಕೈ ಹಾಕಿದರು.

ಅಷ್ಟರಲ್ಲಿ ತಾವು ಎದ್ದು ನಿಂತಿರಿ.

“ನೋಡ್ರಪ್ಪಾ! ಎಲ್ರೂ ಹಿಂದೆಮುಂದೆ ನೋಡ್ತಾ ಕೂತಿದ್ರಿ, ಒಬ್ಬ ಮನುಷ್ಯ ಎದ್ದು ಬಂದ, ತಗೊಂಡ! ಇದಕ್ಕೇ ನಾಯಕತ್ವ ಅನ್ನೋದು! ವರ್ಷದ ಅತ್ಯುತ್ತಮ ಸಿಬ್ಬಂದಿ ಯಾರು ಅಂತ ಇನ್ನು ಯೋಚನೆ ಮಾಡೋದೇ ಬೇಡ!”

ಓರ್ಲಿನ್ ಅವರ ಬಾಯಲ್ಲಿ ಬ್ರೌನಿ ಇದ್ದ ಕಾರಣ ಅವರಿಗೆ ಬೇಡವೆನ್ನಲು ಆಗಲಿಲ್ಲ.

8. ಈಗಿನ ಅಪಾಯ: ಬರುವ ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಊಟದ ಸಮಾರಂಭ ಇಟ್ಟುಕೊಂಡು ಸದರಿಯವರಿಗೆ ವರ್ಷದ ಪ್ರಶಸ್ತಿ ಕೊಡಲಾಗುವುದೆಂದು ತಿಳಿದುಬಂದಿದೆ. ಅದರ ಪ್ರಮಾಣಪತ್ರದಲ್ಲಿ ‘ನಾಯಕತ್ವಕ್ಕಾಗಿ’ ಎಂದು ಅಚ್ಚಾಗಿದೆ. ಅದೂ ಕಟ್ಟುಗಟ್ಟಲೆ ಇದೆ. ಓರ್ಲಿನ್ ಅವರು ಅದನ್ನು ಓದುತ್ತಾರೆ. ಅವರ ಮನೆಯಾಕೆ ಅದಕ್ಕೂ ಚೌಕಟ್ಟು ಹಾಕಿಸುತ್ತಾರೆ. ಅವರು ಪ್ರಾಮಾಣಿಕರಾದ್ದರಿಂದ ಅದನ್ನೂ ನಿಜ ಮಾಡಲು ಹೊರಡುತ್ತಾರೆ. ಈಗಾಗಲೇ ಒಂದು ಸೀಟಿ ಕೊಂಡಿದ್ದಾರೆಂದು ಆರ್ಡಿಸ್ ಅವರು ವರದಿ ಮಾಡಿದ್ದಾರೆ.

ಬಸ್ಸು ಹೊತ್ತಿಗೆ ಸರಿಯಾಗಿ ಬರುವುದನ್ನೇ ತಾಳಲಾರದೆ ಕುಳಿತಿರುವ ನಮ್ಮ ರಸ್ತೆ, ಬಸ್ಸು ಸೀಟಿ ಊದಿಕೊಂಡು ಬರುವುದನ್ನು ತಾಳಲಾರದು.

9. ಒಬ್ಬ ಮನುಷ್ಯನಿಂದ ಗೌರವವನ್ನು ಕಿತ್ತುಕೊಳ್ಳಿ ಎನ್ನುವುದು ಚೆನ್ನಾಗಿರುವುದಿಲ್ಲವೆಂದು ಅರ್ಜಿದಾರಳಿಗೂ ಅನ್ನಿಸಿ, ಬೇರೆ ದಾರಿಯೂ ಯೋಚಿಸಲಾಯಿತು. ಅವರಿಗೆ ‘ಕಾಯುವುದಕ್ಕಾಗಿ’ ಎಂದು ಹೊಸ ಪ್ರಮಾಣಪತ್ರ ಕೊಟ್ಟರೆ ಹೇಗೆ? ಅದು ನಿಜವೇ ಆಗಿದೆ. ಈ ಜಿಲ್ಲೆಯಲ್ಲಿ ಒಂದು ಮಗುವಿನ ಕೈಗವಸಿಗಾಗಿ ಬಾಗಿಲು ತೆಗೆದಿಟ್ಟು ಚಳಿಯಲ್ಲಿ ಕಾದವರು ಇನ್ನೊಬ್ಬರಿಲ್ಲ. ಆದರೆ ಹಾಗೆ ಬರೆದರೆ ಓರ್ಲಿನ್ ಅವರು ಅದನ್ನೂ ಉಳಿಸಿಕೊಳ್ಳಲು ಹೋಗಿ, ಬಸ್ಸು ಮೊದಲ ಮನೆಯ ಮುಂದೆಯೇ ವಸಂತ ಬರುವ ತನಕ ನಿಂತುಬಿಡುವ ಸಂಭವವಿದೆ. ಆದ್ದರಿಂದ ಅವರು ಈಗಾಗಲೇ ಆಗಿರುವುದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಿಗೆ ಹೇಳದ ಮಾತು ಬೇಕಾಗಿತ್ತು. ಅದು ಕೊನೆಗೆ ಉಲ್ಲೇಖ 2ರಲ್ಲೇ ಸಿಕ್ಕಿತು.

“‘ಕೆಟ್ಟದೇನಲ್ಲ’ ಅಂತಾನಾ?” ಆರ್ಡಿಸ್ ಅವರು ಗಾಬರಿಯಾದರು. “ಅಷ್ಟೆಲ್ಲ ಹೊಗಳಿದ್ರೆ ತಲೆ ತಿರುಗಲ್ವೇನೇ ಅವ್ರಿಗೆ? ನಮ್ಮೆಜಮಾನ್ರು ನನ್ನಡುಗೆಗೆ ಜೀವಮಾನದಲ್ಲಿ ಒಂದೇ ಸಲ ಹಂಗಂದಿದ್ದು. ಆವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.”

“ಅವ್ರಿಗೆ ಸಲ್ಲಬೇಕಾದ್ದೇ ಅಲ್ವಾ ಆರ್ಡಿಸ್.”

ಆರ್ಡಿಸ್ ಅವರು ಕೂದಲಿನ ಒಂದು ಸುರುಳಿಯನ್ನು ಬಿಗಿ ಮಾಡಿಕೊಂಡರು. “ಸಲ್ಬೇಕು,” ಎಂದರು.

ಆದ್ದರಿಂದ, ಮೇಲ್ಕಂಡ ಕಾರಣ, ಮತ್ತು ಹೇಳದೆ ಬಿಟ್ಟ ಇನ್ನೂ ಕೆಲವು ಕಾರಣಗಳಿಂದಾಗಿ, ತಾವು ದೊಡ್ಡ ಮನಸ್ಸು ಮಾಡಿ:

ಅ) ಶುಕ್ರವಾರದ ಊಟವನ್ನು ಹಾಗೆಯೇ ನಡೆಸಿ, ಪ್ರಶಸ್ತಿಯನ್ನು ಮಾತ್ರ ನಿಲ್ಲಿಸಬೇಕೆಂದೂ (ಊಟಕ್ಕೆ ಎಲ್ಲರೂ ಆಗಲೇ ತಯಾರಿ ಮಾಡಿಕೊಂಡಿದ್ದಾರೆ),

ಆ) ಸಮಯಪಾಲನೆಯ ಪ್ರಮಾಣಪತ್ರವನ್ನು ಹಿಂಪಡೆದು, ಅದೇ ಚೌಕಟ್ಟಿಗೆ ಸರಿಹೊಂದುವ ಅಳತೆಯಲ್ಲಿ “ಶ್ರೀ ಓರ್ಲಿನ್ ಟ್ವೈಟ್. ಕೆಟ್ಟದೇನಲ್ಲ.” ಎಂದಿಷ್ಟೇ ಬರೆದ ಕಾಗದವನ್ನು ಕೊಡಬೇಕೆಂದೂ,

ಇ) ಕೊಡುವಾಗ ಹೆಸರು ಕರೆಯದೆ, ಚಪ್ಪಾಳೆ ತಟ್ಟಿಸದೆ, ಯಾರೂ ಇಲ್ಲದ ಹೊತ್ತಿನಲ್ಲಿ ಬಸ್ಸಿನ ವೈಪರಿಗೆ ಸಿಕ್ಕಿಸಿ ಬರಬೇಕೆಂದೂ, ಆಮೇಲೆ ಅವರು ಎದುರು ಸಿಕ್ಕಿದರೆ ಚಳಿಯ ಬಗ್ಗೆ ಮಾತ್ರ ಮಾತಾಡಬೇಕೆಂದೂ

ಸವಿನಯವಾಗಿ ಕೋರಲಾಗಿದೆ.

ತಮ್ಮ ವಿಶ್ವಾಸಿ,
ಜನೆಲ್ ಬ್ರೆಕೆ
(ಸಾಕ್ಷಿ: ಆರ್ಡಿಸ್ ಲುಂಡ್, ಬಾತ್‌ರೋಬಿನಲ್ಲೇ ಸಹಿ ಮಾಡಿದ್ದಾರೆ)

ಲಗತ್ತುಗಳು:
1. ಎಡಗೈಯ ಕೈಗವಸು, ಕೆಂಪು, ಒಂದು. ಇಂದು ಬಸ್ಸು ಹೋದ ಮೇಲೆ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿದ್ದು. ಪರಿಶೀಲಿಸಿ ಕೂಡಲೇ ಹಿಂದಿರುಗಿಸುವುದು, ಚಳಿ ಇದೆ.
2. ಮ್ಯಾರಿಟ್ ಬಿಡಿಸಿದ ಚಿತ್ರ, ಒಂದು: ಹಳದಿ ಬಸ್ಸು, ಅದರ ಕನ್ನಡಿಯಲ್ಲಿ ಒಂದು ಮುಖ. ಬಣ್ಣ ಅರ್ಧಕ್ಕೇ ನಿಂತಿದೆ. ಈಗ ತರಗತಿಯಲ್ಲಿ ಅದಕ್ಕೆ ಹೊತ್ತು ಸಿಗುವುದಿಲ್ಲವಂತೆ.
3. ಬ್ರೌನಿ, ಒಂದು ತಟ್ಟೆ. ಕೊನೆಯ ತುಂಡನ್ನು ದಯವಿಟ್ಟು ಬಿಡುವುದು. ತಟ್ಟೆಯ ತಳದಲ್ಲಿ ಅಂಟುಪಟ್ಟಿಯ ಮೇಲೆ ಅರ್ಜಿದಾರಳ ಹೆಸರಿದೆ. ವಾಪಸ್ಸಿಗೆ ಅವಸರವಿಲ್ಲ.

ವಿಶೇಷ ಸೂಚನೆ: ನಾಳೆ ಬೆಳಿಗ್ಗೆ ಏಳನೇ ನಂಬರಿನ ಬಸ್ಸು ತಡವಾಗಿ ಬರುವಂತೆ ಇಂದೇ ಆದೇಶವಾಗಬೇಕಾಗಿದೆ. ಆದೇಶ ಮಾತ್ರ ತಡವಾಗಕೂಡದು. ಅದು ಹೊತ್ತಿಗೆ ಸರಿಯಾಗಿ ಹೊರಬಿದ್ದಲ್ಲಿ, ಬೀರುವಿನಲ್ಲಿ ಉಳಿದಿರುವ ಪ್ರಮಾಣಪತ್ರಗಳಲ್ಲಿ ಒಂದಕ್ಕೆ ತಮ್ಮ ಹೆಸರನ್ನೇ ತುಂಬಿಕೊಳ್ಳಲು ಅರ್ಜಿದಾರಳ ಅಭ್ಯಂತರವಿಲ್ಲ.